ನಮ್ಮ ಕಡೆಗೇ ಬರುತ್ತಿರುವ ಎಂ 86

ನಮಸ್ಕಾರ ಕೇಳುಗರೇ. ದೂರದ ಗೆಲಾಕ್ಸಿಗಳೆಲ್ಲ ನಮ್ಮಿಂದ ದೂರ ಸರಿಯುತ್ತಿವೆ ಅಂತ ಕೇಳಿರುತ್ತೀರಿ, ಅಲ್ವಾ? ಆದರೆ ಎಂ 86 ಅನ್ನೋ ಗೆಲಾಕ್ಸಿ ಸೆಕೆಂಡಿಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ. 1781ರಲ್ಲಿ ಫ್ರಾನ್ಸಿನ ಖಗೋಳಜ್ಞ ಚಾರ್ಲ್ಸ್ ಮೆಸಿಯೆ ಇದನ್ನು ಗುರುತಿಸಿ, ಮಸುಕು ಆಕಾಶಕಾಯಗಳ ತಮ್ಮ ಪಟ್ಟಿಗೆ ಸೇರಿಸಿದರು.

ಇದು ಇರುವುದು ಕನ್ಯಾರಾಶಿಯ ಗೆಲಾಕ್ಸಿ ಗುಂಪಿನಲ್ಲಿ, ಸುಮಾರು 5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳಿರುವ ಆ ಇಡೀ ಗುಂಪು ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ದೂರ ಹೋಗುತ್ತಲೇ ಇದೆ. ಗುಂಪಿನ ಗುರುತ್ವ ಮಾತ್ರ ಎಂ 86ನ್ನು ಎಷ್ಟು ಜೋರಾಗಿ ಎಳೆದಿದೆ ಅಂದರೆ, ಅದು ಆ ವೇಗವನ್ನೂ ಮೀರಿ ಈ ಕಡೆಗೆ ನುಗ್ಗುತ್ತಿದೆ. ಹಾಗಂತ ನಮಗೆ ಬಂದು ಡಿಕ್ಕಿ ಹೊಡೆಯುವುದಿಲ್ಲ, ಅದೇ ಗುರುತ್ವ ಅದನ್ನು ಮತ್ತೆ ಹಿಂದಕ್ಕೆ ಎಳೆಯುತ್ತದೆ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಈ ಓಟಕ್ಕೆ ಅದು ತೆರುತ್ತಿರುವ ಬೆಲೆ. ಗೆಲಾಕ್ಸಿಗಳ ನಡುವಿನ ಜಾಗ ಖಾಲಿಯಲ್ಲ, ಅಲ್ಲಿ ಕೋಟಿಗಟ್ಟಲೆ ಡಿಗ್ರಿ ಬಿಸಿಯ ತೆಳ್ಳಗಿನ ಅನಿಲ ತುಂಬಿದೆ. ಓಡುವ ಬೈಕಿನ ಮೇಲೆ ಕೂತವರ ಶಾಲು ಎದುರುಗಾಳಿಗೆ ಹಿಂದೆ ಹಾರುತ್ತದಲ್ಲ, ಹಾಗೆ ಎಂ 86ರೊಳಗಿನ ಅನಿಲ ಕಳಚಿ ಹಿಂದೆ ಉಳಿಯುತ್ತಿದೆ. ಬಾಹ್ಯಾಕಾಶದಲ್ಲಿರುವ 'ಚಂದ್ರಾ' ಅನ್ನೋ ಎಕ್ಸ್-ರೇ ದೂರದರ್ಶಕ ತೆಗೆದ ಚಿತ್ರದಲ್ಲಿ ಆ ಬಾಲ ಸ್ಪಷ್ಟವಾಗಿ ಕಾಣುತ್ತದೆ, ನಮ್ಮ ಇಡೀ ಕ್ಷೀರಪಥಕ್ಕಿಂತ ಉದ್ದ! ನಕ್ಷತ್ರಗಳು ಮಾತ್ರ ಆ ಅನಿಲದ ಒತ್ತಡಕ್ಕೆ ಜಗ್ಗುವುದಿಲ್ಲ, ಗೆಲಾಕ್ಸಿಯ ಜೊತೆಗೇ ಸಾಗುತ್ತವೆ.

ಹೊಸ ನಕ್ಷತ್ರ ಹುಟ್ಟಬೇಕಾದರೆ ತಣ್ಣನೆಯ ಅನಿಲ ಬೇಕು. ಅದು ಹೋದರೆ ಸುರುಳಿ ಗೆಲಾಕ್ಸಿಯ ತೋಳುಗಳು ಮಂಕಾಗಿ, ಹಳೇ ನಕ್ಷತ್ರಗಳ ನುಣುಪಾದ ತಟ್ಟೆಯೊಂದು ಉಳಿಯುತ್ತದೆ. ಪಕ್ಕದಿಂದ ನೋಡಿದರೆ ನಡುವೆ ದಪ್ಪ, ಅಂಚಿನಲ್ಲಿ ತೆಳು. ಇಂಥವನ್ನೇ ಮಸೂರದಾಕಾರದ ಗೆಲಾಕ್ಸಿ ಅನ್ನುವುದು. ದಟ್ಟ ಗುಂಪುಗಳಲ್ಲಿ ಇವು ಜಾಸ್ತಿ ಇರುವುದಕ್ಕೆ ಹೀಗೆ ಅನಿಲ ಕಳಚುವುದೂ ಒಂದು ದೊಡ್ಡ ಕಾರಣ. ಎಂ 86ನ್ನೂ ಮಸೂರದಾಕಾರದ್ದು ಅನ್ನುತ್ತಾರೆ, ಕೆಲವರು ದೀರ್ಘವೃತ್ತದ, ಅಂದರೆ ಮೊಟ್ಟೆಯಾಕಾರದ ಗೆಲಾಕ್ಸಿ ಅಂತಲೂ ಬರೆಯುತ್ತಾರೆ, ಗೆರೆ ಎಳೆದು ಬೇರೆ ಮಾಡುವುದು ಸುಲಭವಲ್ಲ.

ನೀವೂ ನೋಡಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಬೆಳದಿಂಗಳಿಲ್ಲದ ರಾತ್ರಿ, ಊರಿನ ದೀಪಗಳಿಂದ ದೂರ ಹೋಗಿ. ಸಿಂಹದ ಬಾಲದ ತುದಿಯಲ್ಲಿ ಉತ್ತರ ಫಲ್ಗುಣಿ ಇದೆ. ಅಲ್ಲಿಂದ ಕನ್ಯಾರಾಶಿಯ ವಿಂಡೆಮಿಯಾಟ್ರಿಕ್ಸ್ ನಕ್ಷತ್ರದ ಕಡೆ ಅರ್ಧ ದಾರಿ ಬಂದು ಸಣ್ಣ ದೂರದರ್ಶಕ ತಿರುಗಿಸಿ. ಎರಡು ಮಸುಕು ಚುಕ್ಕೆಗಳು ಅಕ್ಕಪಕ್ಕ ಸಿಕ್ಕರೆ, ಒಂದು ಎಂ 84 ಅನ್ನೋ ಇನ್ನೊಂದು ಗೆಲಾಕ್ಸಿ, ಅದರ ಪೂರ್ವಕ್ಕಿರುವುದೇ ಎಂ 86.