ಫ್ರೆಂಚ್ ಕೆಂಪು ವೈನ್: ಲೇಬಲ್ಲಿನಲ್ಲಿ ದ್ರಾಕ್ಷಿ ಹೆಸರೇ ಇಲ್ವಲ್ಲ!

[ದೃಶ್ಯ: ಮೇಜಿನ ಮೇಲೆ ಎರಡು ಬಾಟಲಿ, ಲೇಬಲ್ ಹಿಂದಕ್ಕೆ ತಿರುಗಿಸಿದೆ]

ನಮಸ್ಕಾರ. ಲೇಬಲ್ ಆಮೇಲೆ ನೋಡೋಣ, ಮೊದಲು ಬಾಟಲಿಯ ಭುಜ ನೋಡಿ. ಇದು ಪರೇಡ್‌ಗೆ ನಿಂತ ಪೊಲೀಸರ ಥರ ಭುಜ ಸೆಟೆಸಿದೆ. ಇದು ಫ್ರಾನ್ಸಿನ ಬೋರ್ಡೋ ಪ್ರದೇಶದ್ದು. ಪಕ್ಕದ್ದು ಭುಜ ಇಳಿಬಿಟ್ಟಿದೆ, ಅದು ಬರ್ಗಂಡಿ ಪ್ರದೇಶದ್ದು. ರೋನ್, ಬೋಜೋಲೆಯವರದ್ದೂ ಹೆಚ್ಚುಕಮ್ಮಿ ಇದೇ ಆಕಾರ.

[ಲೇಬಲ್ ಕ್ಲೋಸಪ್]

ಈಗ ಓದೋಣ. ಆಸ್ಟ್ರೇಲಿಯಾದ ಬಾಟಲಿ ಆಗಿದ್ರೆ ‘ಶಿರಾಜ್’ ಅಂತ ತಳಿಯ ಹೆಸರನ್ನ ದಪ್ಪಕ್ಷರದಲ್ಲಿ ಬರೀತಿದ್ರು. ಫ್ರೆಂಚರು ಸಾಮಾನ್ಯವಾಗಿ ಬರೆಯೋದು ಊರಿನ ಹೆಸರು. ನಾವು ಬ್ಯಾಡಗಿ ಮೆಣಸಿನಕಾಯಿ ಅನ್ನಲ್ವಾ? ಬ್ಯಾಡಗಿ ಅಂದ್ಮೇಲೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ ಬಿಡಿಸಿ ಹೇಳೋ ಅಗತ್ಯ ಇಲ್ಲ. ಅಲ್ಲೂ ಅಷ್ಟೇ. ಯಾವ ಊರಲ್ಲಿ ಯಾವ ತಳಿ, ಇಳುವರಿ ಎಷ್ಟರ ಒಳಗಿರಬೇಕು ಅನ್ನೋದಕ್ಕೆಲ್ಲ ನಿಯಮ ಇದೆ. ದೇಶಕ್ಕೆಲ್ಲ ಒಂದೇ ವ್ಯವಸ್ಥೆ ಬಂದಿದ್ದು 1935ರಲ್ಲಿ. ಲೇಬಲ್ಲಿನಲ್ಲಿ ‘ಅಪೆಲಾಸಿಯೋಂ’ (ಹೆಸರು), ‘ಕೋಂತ್ರೋಲೇ’ (ನಿಯಂತ್ರಿತ) ಅನ್ನೋ ಎರಡು ಪದದ ಮಧ್ಯೆ ಇರೋದೇ ಆ ಊರು. ಅದು ಸಿಕ್ಕರೆ ತಳಿ ಸಿಕ್ಕ ಹಾಗೇ.

[ನಕ್ಷೆ: ಜಿರೋಂದ್ ಅಳಿವೆ]

ಬೋರ್ಡೋದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನದಿಯ ಎಡದಂಡೆಯೋ, ಬಲದಂಡೆಯೋ? ಎಡದಂಡೆಯ ಮೆದೋಕ್, ಪೋಯಾಕ್, ಮಾರ್ಗೋ ಕಡೆ ನೆಲದ ತುಂಬ ಗರಸು ಕಲ್ಲು. ನೀರು ನಿಲ್ಲಲ್ಲ, ಬಿಸಿಲಿಗೆ ಬೇಗ ಕಾಯುತ್ತೆ. ತಡವಾಗಿ ಹಣ್ಣಾಗೋ ಕಾಬರ್ನೇ ಸೋವಿನ್ಯೋಂ ತಳಿಗೆ ಅದೇ ಬೇಕು. ಬಲದಂಡೆಯ ಪೊಮೆರೋಲ್, ಸ್ಯಾಂಟ್ ಎಮಿಲಿಯೋಂ ಕಡೆ ಜೇಡಿಮಣ್ಣು ಜಾಸ್ತಿ, ಅಲ್ಲಿ ಮೆರ್ಲೋ ತಳಿಯದ್ದೇ ರಾಜ್ಯ. ವೈನ್ ಸ್ವಲ್ಪ ಮೆತ್ತಗೆ.

‘ಮೆತ್ತಗೆ’ ಅಂದ್ರೆ? ಎಳೇ ಬೋರ್ಡೋ ಒಂದು ಗುಟುಕು ಕುಡಿದ್ರೆ ಒಸಡು ಒಣಗಿ ನಾಲಿಗೆ ಹಿಡಿದಂಗಾಗುತ್ತೆ. ಅದು ಟ್ಯಾನಿನ್. ಮಲೆನಾಡಿನವರಿಗೆ ವಿವರಿಸೋದೇ ಬೇಡ: ಅಡಿಕೆ ಬೇಯಿಸಿದ ಚೊಗರಿನಲ್ಲಿರೋದೂ ಇದೇ ಜಾತಿಯ ಒಗರು. ವೈನಿಗೆ ಅದು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತೆ. ಒಳ್ಳೆ ವೈನಾದ್ರೆ ವರ್ಷ ಕಳೆದ ಹಾಗೆ ಒಗರು ಪಳಗುತ್ತೆ.

ಬರ್ಗಂಡಿಯಲ್ಲಿ ಕೆಂಪು ವೈನ್ ಅಂದ್ರೆ ಪೀನೋ ನ್ವಾರ್. ತಳಿ ಒಂದೇ, ತಲೆನೋವು ಬೇರೆ. ಕ್ಲೋ ದ ವೂಜೋ ಅಂತ ಸುಮಾರು 50 ಹೆಕ್ಟೇರಿನ ಒಂದು ತೋಟ ಇದೆ, ಸುತ್ತ ಕಲ್ಲಿನ ಗೋಡೆ. ಹಿಂದೆ ಸನ್ಯಾಸಿಗಳ ಕೈಲಿತ್ತು. ಫ್ರೆಂಚ್ ಕ್ರಾಂತಿಯಲ್ಲಿ ಜಪ್ತಿಯಾಗಿ, ಹರಾಜಾಗಿ, ಹಂಚಿಹೋಗಿ ಇವತ್ತು ಸುಮಾರು 80 ಮಾಲೀಕರು! ಅಣ್ಣ-ತಮ್ಮಂದಿರು ಪಾಲು ಮಾಡ್ಕೊಂಡ ಹೊಲದ ಹಾಗೆ. ಹಾಗಾಗಿ ಅಲ್ಲಿ ಊರಿನ ಜೊತೆ ಬೆಳೆಗಾರನ ಹೆಸರೂ ಗೊತ್ತಿರಬೇಕು. ಬೆಲೆಯೂ ಜಾಸ್ತಿ. ಮೊದಲ ಬಾಟಲಿಗೆ ಬೇಡ ಅಂತೀನಿ.

[ದೃಶ್ಯ: ಮೂರನೇ ಬಾಟಲಿ ಮುಂದೆ ಬರುತ್ತೆ]

ಮೊದಲ ಬಾಟಲಿಗೆ ನನ್ನ ಓಟು ಬೋಜೋಲೆಗೆ. ತಳಿ ಗಮೇ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಇದನ್ನ ಕಿತ್ತುಹಾಕಿ ಅಂತ ಆಜ್ಞೆ ಹೊರಡಿಸಿದ್ದ. ಬೋಜೋಲೆಯ ಗ್ರಾನೈಟ್ ಗುಡ್ಡಗಳಲ್ಲಿ ಬದುಕಿಕೊಂಡಿತು. ಒಗರು ಕಮ್ಮಿ, ಹಣ್ಣಿನ ಘಮ ಜಾಸ್ತಿ. ನವೆಂಬರ್ ಮೂರನೇ ಗುರುವಾರ ಬರೋ ‘ನೂವೋ’, ಅಂದ್ರೆ ಆ ವರ್ಷದ ಹೊಸ ವೈನ್, ಅಲ್ಲ; ‘ಮೋರ್ಗೋಂ’ ಅಥವಾ ‘ಫ್ಲೂರಿ’ ಅಂತ ಊರ ಹೆಸರು ಇರೋದನ್ನ ಹುಡುಕಿ. ನಮ್ಮ ಕೋಳಿ ಸಾರಿನ ಖಾರಕ್ಕೂ ಇದೇ ವಾಸಿ, ಖಾರ ಬಿದ್ರೆ ಟ್ಯಾನಿನ್ ಇನ್ನೂ ಒರಟಾಗುತ್ತೆ. ಸ್ವಲ್ಪ ಮೈ ತುಂಬಿರೋ ವೈನ್ ಬೇಕಂದ್ರೆ ಕೋತ್ ದು ರೋನ್: ಹೆಚ್ಚಾಗಿ ಗ್ರೆನಾಶ್ ತಳಿ, ಜೊತೆಗೆ ಸಿರಾ.

ಅಂದಹಾಗೆ ‘ಗ್ರಾಂ ವೇನ್ ದ ಬೋರ್ಡೋ’ ಅನ್ನೋ ಬಂಗಾರದ ಅಕ್ಷರ ನೋಡಿ ನಾನೊಮ್ಮೆ ಪಿಗ್ಗಿ ಬಿದ್ದಿದ್ದೆ. ‘ಮಹಾ ವೈನ್’ ಅಂತ ಬರ್ಕೊಂಡ ಮಾತ್ರಕ್ಕೆ ಯಾವ ದರ್ಜೆಯೂ ಸಿಗಲ್ಲ. ‘ವಿಯೇಯ್ ವೀಞ್’, ಅಂದ್ರೆ ಹಳೇ ಬಳ್ಳಿ, ಎಷ್ಟು ಹಳೇದಿರಬೇಕು ಅಂತ ಕಾನೂನು ಹೇಳಲ್ಲ.

[ದೃಶ್ಯ: ಫ್ರಿಜ್ ಬಾಗಿಲು]

‘ಕೋಣೆಯ ಉಷ್ಣತೆಯಲ್ಲಿ ಕುಡೀರಿ’ ಅಂತಾರಲ್ಲ, ಅದು 16ರಿಂದ 18 ಡಿಗ್ರಿಯ ಕೋಣೆ, ಏಪ್ರಿಲ್ ತಿಂಗಳ ಕಲಬುರಗಿಯದ್ದಲ್ಲ. ಬೋಜೋಲೆಗೆ 13 ಡಿಗ್ರಿ ಆದ್ರೂ ಸರಿ. ನಾನು ಈ ಮೋರ್ಗೋಂ ಬಾಟಲಿಯನ್ನ ಮುಕ್ಕಾಲು ಗಂಟೆ ಒಳಗಿಟ್ಟಿದ್ದೆ. ಈಗ ತೆಗೀತೀನಿ, ಕಾರ್ಕ್ ಸದ್ದು ಕೇಳಿ.