ಸ್ಟ್ರೆಸ್ ಟೆಸ್ಟ್ ಪಾಸಾಯ್ತು ಅಂದಮಾತ್ರಕ್ಕೆ ಕಾರ್ಡ್ ಸರಿಯಿದೆ ಅಂತಲ್ಲ

ನಮಸ್ಕಾರ. ಪರದೆ ಮೇಲೆ ರೋಮ ತುಂಬಿದ ಉಂಗುರ ಬಿಡಿಸಿ ಕಾರ್ಡಿಗೆ ಪೂರ್ತಿ ಹೊರೆ ಹಾಕೋ ಫರ್‌ಮಾರ್ಕ್ ಅನ್ನೋ ಪ್ರೋಗ್ರಾಂ ಅರ್ಧ ಗಂಟೆ ಓಡಿಸಿ, ಉಷ್ಣತೆ 74 ಡಿಗ್ರಿ ದಾಟಲಿಲ್ಲ ಅಂತ ನೋಡಿ, ಗ್ರಾಫಿಕ್ಸ್ ಕಾರ್ಡ್ ಗಟ್ಟಿಮುಟ್ಟಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟುಬಿಡೋ ಅಭ್ಯಾಸ ಇದೆಯಲ್ಲ, ಇವತ್ತು ಅದರ ಬಗ್ಗೆ ಮಾತಾಡೋಣ. ಅದೇ ಕಾರ್ಡು ಗೇಮ್ ಶುರುವಾದ ಹತ್ತೇ ನಿಮಿಷಕ್ಕೆ ಪರದೆ ಕಪ್ಪು ಮಾಡಿ ಕೂರುತ್ತೆ. ಆಗ ತಪ್ಪು ಗೇಮಿನ ತಲೆಗೆ, ಇಲ್ಲಾಂದ್ರೆ ಡ್ರೈವರ್ (ಕಾರ್ಡನ್ನ ನಡೆಸೋ ಸಾಫ್ಟ್‌ವೇರ್) ತಲೆಗೆ. ನನ್ನ ಪ್ರಕಾರ ಎಡವಿದ್ದು ಟೆಸ್ಟ್ ಆರಿಸಿಕೊಂಡ ಜಾಗದಲ್ಲೇ. ಸ್ಟ್ರೆಸ್ ಟೆಸ್ಟ್ ಅಂದರೆ ಬೇಕಂತಲೇ ಹೊರೆ ಹೇರಿ ಕಾರ್ಡಿಗೆ ಹಾಕೋ ಒಂದು ಪ್ರಶ್ನೆ. ಯಾವ ಭಾಗದ ಮೇಲೆ ಅನುಮಾನ ಅನ್ನೋದು ಗೊತ್ತಿಲ್ಲದೆ ಪ್ರಶ್ನೆ ಹಾಕಿದರೆ ಬರೋ ಉತ್ತರ ಯಾವುದಕ್ಕೂ ಬರೋದಿಲ್ಲ.

ಫರ್‌ಮಾರ್ಕ್ ಓಡುವಾಗ ಒಳಗೆ ಏನಾಗುತ್ತೆ ಅಂತ ನೋಡಿ. ಆ ರೋಮದ ಉಂಗುರ ಕಾರ್ಡನ್ನ ಶುರುವಲ್ಲೇ ಪವರ್ ಲಿಮಿಟ್‌ಗೆ ಒಯ್ದು ನಿಲ್ಲಿಸುತ್ತೆ. 250 ವ್ಯಾಟ್ ಮಿತಿ ಇದ್ದರೆ 250ಕ್ಕೆ. ಮಿತಿ ಮುಟ್ಟಿದ ಕೂಡಲೇ ಕಾರ್ಡ್ ತನ್ನ ಕ್ಲಾಕನ್ನೂ (ಚಿಪ್ ಓಡೋ ವೇಗ) ವೋಲ್ಟೇಜನ್ನೂ ಇಳಿಸಿಕೊಳ್ಳುತ್ತೆ. ಗೇಮಿನಲ್ಲಿ 2,700 ಮೆಗಾಹರ್ಟ್ಸ್‌ನಲ್ಲಿ ಓಡೋ ಕಾರ್ಡು ಇಲ್ಲಿ 2,000ದ ಆಸುಪಾಸಿಗೆ ಇಳಿದಿರಬಹುದು. ಕಾರ್ಡಿನ ಮಾಹಿತಿ ತೋರಿಸೋ ಜಿಪಿಯು-ಝಡ್‌ ಪ್ರೋಗ್ರಾಂನಲ್ಲಿ ಪರ್ಫ್‌ಕ್ಯಾಪ್ ರೀಸನ್ (ವೇಗಕ್ಕೆ ತಡೆ ಯಾವುದು) ಅನ್ನೋ ಸಾಲು ನೋಡಿ, ‘ಪವರ್’ ಅಂತಲೇ ತೋರಿಸ್ತಾ ಇರುತ್ತೆ. ಅಂದರೆ ವೋಲ್ಟೇಜ್-ಕ್ಲಾಕ್ ಗೆರೆಯ ಮೇಲ್ತುದಿಯನ್ನ ಈ ಟೆಸ್ಟು ಮುಟ್ಟಲೇ ಇಲ್ಲ. ಓವರ್‌ಕ್ಲಾಕ್ (ಕಂಪನಿ ಇಟ್ಟದ್ದಕ್ಕಿಂತ ವೇಗ ಏರಿಸೋದು) ಅತಿಯಾಗಿದ್ದರೆ, ಅಥವಾ ಚಿಪ್ಪಿಗೆ ವಯಸ್ಸಾಗಿ ಶಕ್ತಿ ಕುಂದಿದ್ದರೆ, ಅದು ಬಯಲಾಗೋದು ಆ ಮೇಲ್ತುದಿಯಲ್ಲೇ. ಮೆನುವಿನಲ್ಲಿ ಸುಮ್ಮನೆ ನಿಂತಾಗ, ಹೊರೆ ಕಡಿಮೆಯಾಗಿ ಕ್ಲಾಕ್ ಜಿಗಿದಾಗ ಕ್ರ್ಯಾಶ್ ಆಗೋ ಕಾರ್ಡುಗಳು ಫರ್‌ಮಾರ್ಕ್‌ನಲ್ಲಿ ಗಂಟೆಗಟ್ಟಲೆ ನೆಮ್ಮದಿಯಾಗಿ ಓಡೋದು ಇದಕ್ಕೇ.

ಹಾಗಂತ ಫರ್‌ಮಾರ್ಕ್ ಬೇಡ ಅಂತ ನಾನು ಹೇಳ್ತಾ ಇಲ್ಲ. ಕೂಲರ್, ಫ್ಯಾನ್, ಕ್ಯಾಬಿನೆಟ್ ಒಳಗಿನ ಗಾಳಿ, ಪವರ್ ಕೇಬಲ್ಲಿನ ಬಿಸಿ, ಇವಿಷ್ಟನ್ನ ನೋಡೋಕೆ ಅದು ಒಳ್ಳೆಯ ಸಾಧನ. ಅದಕ್ಕೆ 15 ನಿಮಿಷ ಸಾಕು. ಉಷ್ಣತೆಯ ಗೆರೆ ಏರೋದು ನಿಂತು ಸಮತಟ್ಟಾದ ಮೇಲೆ ಮತ್ತೂ ಎರಡು ಗಂಟೆ ಓಡಿಸಿದರೆ ಹೊಸದಾಗಿ ಏನೂ ತಿಳಿಯೋದಿಲ್ಲ.

ಟೆಸ್ಟಿಗೆ ಮುಂಚೆ ಮಾಡಬೇಕಾದ ಕೆಲಸವೊಂದಿದೆ, ಬಹಳ ಜನ ಅದನ್ನ ಹಾರಿಸಿಬಿಡ್ತಾರೆ. ಕಾರ್ಡಿನ ವೇಗ, ವೋಲ್ಟೇಜ್ ಬದಲಿಸೋ ಆಫ್ಟರ್‌ಬರ್ನರ್‌ ಪ್ರೋಗ್ರಾಂನಲ್ಲಿ ಇರೋ ಎಲ್ಲವನ್ನೂ ರಿಸೆಟ್ ಮಾಡಿ. ಅಂಡರ್‌ವೋಲ್ಟ್ ಕೂಡ. ‘ನಾನು ವೋಲ್ಟೇಜ್ ಇಳಿಸಿದ್ದೀನಿ, ಏರಿಸಿಲ್ಲವಲ್ಲ’ ಅನ್ನೋ ಸಮಾಧಾನ ಇಲ್ಲಿ ನಡೆಯೋದಿಲ್ಲ. ಅದೇ ಕ್ಲಾಕಿಗೆ ಕಡಿಮೆ ವೋಲ್ಟೇಜ್ ಕೊಡೋದೂ ಸ್ಥಿರತೆಯ ಅಂಚಿಗೆ ಸರಿಯೋದೇ. ಆಮೇಲೆ ಎಚ್‌ಡಬ್ಲ್ಯೂಇನ್ಫೊ ತೆರೆದು, ಸೆನ್ಸರ್ ಓದೋ ಅವಧಿ 2,000 ಮಿಲಿಸೆಕೆಂಡ್ ಇರೋದನ್ನ 500ಕ್ಕೆ ಇಳಿಸಿ, ಲಾಗಿಂಗ್ ಶುರು ಮಾಡಿ. ಕೋರ್ (ಮುಖ್ಯ ಚಿಪ್) ಉಷ್ಣತೆ, ಹಾಟ್‌ಸ್ಪಾಟ್ (ಆ ಚಿಪ್ಪಿನಲ್ಲಿ ಅತಿ ಬಿಸಿಯಿರೋ ಜಾಗದ ಉಷ್ಣತೆ), ಮೆಮೊರಿ ಉಷ್ಣತೆ, ಕ್ಲಾಕ್, ಒಟ್ಟು ವ್ಯಾಟ್, ಕಾರ್ಡಿಗೆ ಬರ್ತಾ ಇರೋ 12 ವೋಲ್ಟ್, ಫ್ಯಾನ್ ವೇಗ ಎಲ್ಲವೂ ಫೈಲಿಗೆ ಬರೆದುಕೊಂಡು ಹೋಗ್ತವೆ. ಯಂತ್ರ ಸತ್ತ ಮೇಲೆ ಉಳಿಯೋ ಸಾಕ್ಷಿ ಆ ಫೈಲಿನ ಕೊನೆಯ ನಾಲ್ಕೈದು ಸಾಲು. ಪರದೆ ನೋಡ್ತಾ ಕೂತು ನೆನಪಿಟ್ಟುಕೊಂಡ ಸಂಖ್ಯೆಗಳನ್ನ ನಂಬಿ ಮುಂದುವರಿಯಬೇಡಿ.

ಈಗ ಬಿಸಿಯ ವಿಷಯಕ್ಕೆ ಬರೋಣ. ಎಲ್ಲರ ಕಣ್ಣೂ ಕೋರ್ ಉಷ್ಣತೆಯ ಮೇಲೇ. ನಾನಾದರೆ ಮೊದಲು ನೋಡೋದು ಕೋರ್‌ಗೂ ಹಾಟ್‌ಸ್ಪಾಟ್‌ಗೂ ಇರೋ ಅಂತರವನ್ನ. 10ರಿಂದ 20 ಡಿಗ್ರಿ ಇದ್ದರೆ ಸಾಮಾನ್ಯ. ಕೋರ್ 70, ಹಾಟ್‌ಸ್ಪಾಟ್ 104 ಅಂತ ಕಂಡರೆ ಚಿಪ್ಪಿನ ಯಾವುದೋ ಒಂದು ಮೂಲೆಗೆ ಕೂಲರ್ ಸರಿಯಾಗಿ ಅಂಟಿಲ್ಲ ಅಂತ ಲೆಕ್ಕ. ಬಿಸಿ-ತಣ್ಣಗಿನ ಸುತ್ತುಗಳಲ್ಲಿ, ಚಿಪ್ಪಿಗೂ ಕೂಲರಿಗೂ ಮಧ್ಯೆ ಬಳಿದಿರೋ ಥರ್ಮಲ್ ಪೇಸ್ಟ್ ನಡುವಿನಿಂದ ಅಂಚಿಗೆ ಒತ್ತಿಕೊಂಡು ಹೋಗಿರಬಹುದು, ಸ್ಕ್ರೂ ಒಂದು ಕಡೆ ಸಡಿಲ ಇರಬಹುದು. ಪೇಸ್ಟ್ ಬದಲಿಸುವಾಗ ಪ್ಯಾಡ್‌ಗಳನ್ನೂ (ಮೆಮೊರಿಯ ಬಿಸಿಯನ್ನ ಕೂಲರಿಗೆ ದಾಟಿಸೋ ಪಟ್ಟಿಗಳು) ಬದಲಿಸಿದ್ದೀರಾ? ಹಾಗಾದರೆ ದಪ್ಪ ಅಳೆದಿರಾ? 1 ಮಿಲಿಮೀಟರ್ ಇರಬೇಕಾದ ಮೆಮೊರಿ ಪ್ಯಾಡ್ ಜಾಗಕ್ಕೆ ಗಟ್ಟಿ 1.5 ಮಿಲಿಮೀಟರ್ ಪ್ಯಾಡ್ ಹಾಕಿದರೆ ಅದು ಕೂಲರನ್ನೇ ಎತ್ತಿ ಹಿಡಿಯುತ್ತೆ. ಮೆಮೊರಿ ತಣ್ಣಗಾಗುತ್ತೆ, ಕೋರ್ ಬೇಯುತ್ತೆ. ಇನ್ನೊಂದು ಮಾತು: ಎನ್ವಿಡಿಯಾದ 50 ಸರಣಿಯ ಕಾರ್ಡುಗಳಲ್ಲಿ ಹಾಟ್‌ಸ್ಪಾಟ್ ಸಂಖ್ಯೆ ನಮಗೆ ಓದೋಕೆ ಸಿಗೋದೇ ಇಲ್ಲ. ರೋಗ ಪತ್ತೆಗೆ ಇಷ್ಟು ಉಪಯೋಗ ಆಗ್ತಿದ್ದ ಅಂಕಿಯನ್ನ ಮುಚ್ಚಿದ್ದು ಸರಿಯಲ್ಲ ಅನ್ನೋದು ನನ್ನ ಸ್ಪಷ್ಟ ಅಭಿಪ್ರಾಯ.

ಆ ಅಂಕಿಯ ಬೆಲೆ ಗೊತ್ತಾಗಬೇಕಾದರೆ ಎಎಂಡಿಯ 7900 ಎಕ್ಸ್‌ಟಿಎಕ್ಸ್ ನೆನಪಿಸಿಕೊಳ್ಳಿ. 2022ರ ಡಿಸೆಂಬರಿನಲ್ಲಿ ಬಂದ ಆ ಕಾರ್ಡಿನ ಮೂಲ ವಿನ್ಯಾಸದ ಕೆಲವು ಪ್ರತಿಗಳಲ್ಲಿ ಹಾಟ್‌ಸ್ಪಾಟ್ 110 ಡಿಗ್ರಿಗೆ ಹೋಗಿ ನಿಲ್ತಾ ಇತ್ತು. ಕೋರ್ ಉಷ್ಣತೆ ಒಂದನ್ನೇ ನೋಡಿದವರಿಗೆ ಏನೂ ತಿಳೀತಿರಲಿಲ್ಲ. ಕಾರ್ಡು ಮಲಗಿದೆಯೋ ನಿಂತಿದೆಯೋ ಅನ್ನೋದರ ಮೇಲೆ ಸಂಖ್ಯೆ ಬದಲಾಗ್ತಾ ಇದ್ದದ್ದೇ ಸುಳಿವಾಯ್ತು. ಕೂಲರ್ ಒಳಗೆ ನೀರಿನ ಆವಿಯಿಂದ ಬಿಸಿ ಹರಡೋ ವೇಪರ್ ಚೇಂಬರ್‌ನಲ್ಲಿ ಸಾಕಷ್ಟು ನೀರು ಇರಲಿಲ್ಲ ಅಂತ 2023ರ ಜನವರಿಯಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಪೇಸ್ಟ್ ಎಷ್ಟು ಸಲ ಬದಲಿಸಿದರೂ ಹೋಗದ ದೋಷ ಅದು.

ಮೆಮೊರಿಯ ಕಥೆ ಬೇರೆ, ಅದರ ಟೆಸ್ಟೂ ಬೇರೆ. ಕಾರ್ಡಿನ ಎಲ್ಲ ಮೆಮೊರಿಯನ್ನೂ ತುಂಬಿಸಿ, ಬರೆದದ್ದನ್ನ ಓದಿ, ಹೋಲಿಸಿ ನೋಡೋ ಸಾಧನ ಬೇಕು. ಒಸಿಸಿಟಿ ಅನ್ನೋ ಟೆಸ್ಟ್ ಪ್ರೋಗ್ರಾಂನ ವಿಡಿಯೊ ಮೆಮೊರಿ ಟೆಸ್ಟ್, ಇಲ್ಲಾ ಮೆಮ್‌ಟೆಸ್ಟ್ ವಲ್ಕನ್ ಅನ್ನೋ ಪುಟ್ಟ ಉಚಿತ ಪ್ರೋಗ್ರಾಂ. ಬೇರೆ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿ ಓಡಿಸಿ, ಮೆಮೊರಿಯ ಹೆಚ್ಚಿನ ಭಾಗ ಟೆಸ್ಟಿಗೆ ಸಿಗಬೇಕು. ಎರಡು ಸಲ ಓಡಿಸಿ: ಯಂತ್ರ ತಣ್ಣಗಿರುವಾಗ ಒಮ್ಮೆ, ಫರ್‌ಮಾರ್ಕ್‌ನಲ್ಲಿ ಚೆನ್ನಾಗಿ ಕಾಯಿಸಿ ಕೂಡಲೇ ಇನ್ನೊಮ್ಮೆ. ಬಿಸಿಯಲ್ಲಿ ಮಾತ್ರ ತಪ್ಪು ಬಂದರೆ ಪ್ಯಾಡ್ ಕಡೆ ನೋಡಿ. ತಣ್ಣಗಿದ್ದಾಗಲೂ ಬಂದರೆ ಚಿಪ್ಪೋ ಬೆಸುಗೆಯೋ ಕೆಟ್ಟಿದೆ. ಓವರ್‌ಕ್ಲಾಕ್ ಇಲ್ಲದ ಕಾರ್ಡಿನಲ್ಲಿ ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ. ‘ಸಾವಿರದಲ್ಲಿ ಒಂದು ತಾನೆ’ ಅಂತ ಬಿಡಬೇಡಿ. ಮೆಮೊರಿ ಓವರ್‌ಕ್ಲಾಕ್ ಮಾಡೋರಿಗೆ ಇನ್ನೊಂದು ಎಚ್ಚರಿಕೆ. ಜಿಡಿಡಿಆರ್6ಎಕ್ಸ್‌ನಂಥ ಮೆಮೊರಿ, ಸಾಗಣೆಯಲ್ಲಿ ತಪ್ಪು ಕಂಡರೆ ಅದೇ ಡೇಟಾವನ್ನ ಮತ್ತೆ ಕಳಿಸುತ್ತೆ. ಪರದೆಯ ಮೇಲೆ ಚುಕ್ಕೆಯೂ ಕಾಣೋದಿಲ್ಲ, ಕ್ರ್ಯಾಶೂ ಆಗೋದಿಲ್ಲ, ಆದರೆ ವೇಗ ಕುಸೀತಾ ಹೋಗುತ್ತೆ. ಆದ್ದರಿಂದ 100 ಮೆಗಾಹರ್ಟ್ಸ್ ಏರಿಸಿದಾಗಲೆಲ್ಲ ಬೆಂಚ್‌ಮಾರ್ಕ್ (ವೇಗ ಅಳೆಯೋ ಟೆಸ್ಟ್) ಅಂಕ ಬರೆದಿಡಿ. ಅಂಕ ಇಳಿಯೋಕೆ ಶುರುವಾದ ಕಡೆ ನಿಜವಾದ ಮಿತಿ ದಾಟಿದ್ದೀರಿ.

ಪರದೆ ಮೇಲೆ ಚೌಕಗಳು, ಬಣ್ಣದ ಗೆರೆಗಳು, ಮಿನುಗುವ ಚುಕ್ಕೆಗಳು ಬಂದರೆ ಮೊದಲು ಮಾಡಬೇಕಾದ್ದು ತೀರಾ ಸರಳ. ಒಂದು ಸ್ಕ್ರೀನ್‌ಶಾಟ್ ತೆಗೀರಿ, ಅದನ್ನ ಫೋನಿನಲ್ಲಿ ತೆರೆದು ನೋಡಿ. ಚುಕ್ಕೆಗಳು ಚಿತ್ರದಲ್ಲೂ ಇದ್ದರೆ ಅವು ಕಾರ್ಡು ಚಿತ್ರ ಬಿಡಿಸುವಾಗಲೇ ಹುಟ್ಟಿವೆ. ಚಿತ್ರ ಶುಭ್ರವಾಗಿದ್ದರೆ ಕಾರ್ಡಿನ ಔಟ್‌ಪುಟ್, ಕೇಬಲ್ ಅಥವಾ ಮಾನಿಟರ್ ಕಡೆ ಹೋಗಿ, ಮೊದಲು ಕೇಬಲ್ ಬದಲಿಸಿ. ಇನ್ನು, ಆ ಚೌಕಗಳು ವಿಂಡೋಸ್ ಬರೋದಕ್ಕೆ ಮುಂಚೆ ಬಯೋಸ್ ಪರದೆಯಲ್ಲೇ ಕಂಡರೆ ಡ್ರೈವರ್ ಬದಲಿಸ್ತಾ ಕೂತು ಸಮಯ ಕಳೀಬೇಡಿ. ಅಲ್ಲಿ ಡ್ರೈವರ್ ಇನ್ನೂ ಲೋಡೇ ಆಗಿಲ್ಲ.

ಪವರ್‌ನ ವಿಷಯದಲ್ಲಿ ಸಾಯೋ ರೀತಿಯೇ ಅರ್ಧ ಉತ್ತರ ಹೇಳುತ್ತೆ. ಯಂತ್ರ ಫಕ್ಕನೆ ಆರಿಹೋಗಿ, ಪವರ್ ಸಪ್ಲೈನ ಹಿಂದಿನ ಸ್ವಿಚ್ ಆರಿಸಿ ಹಾಕೋ ತನಕ ಏಳಲೇ ಇಲ್ಲ ಅಂದರೆ ಸಪ್ಲೈ ತನ್ನನ್ನ ತಾನು ಕಾಪಾಡಿಕೊಂಡು ಬಾಗಿಲು ಹಾಕಿಕೊಂಡಿದೆ. ವಿಂಡೋಸಿನ ದಾಖಲೆ ತೋರಿಸೋ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅನ್ನೋ ನಮೂದು ಸಿಗುತ್ತೆ, ಆದರೆ ಅದು ಹೇಳೋದು ‘ಸರಿಯಾಗಿ ಮುಚ್ಚಲಿಲ್ಲ’ ಅಂತ ಅಷ್ಟೇ, ಕಾರಣ ಹೇಳೋದಿಲ್ಲ. ಪರದೆ ಕಪ್ಪಾಗಿ, ಕಾರ್ಡಿನ ಫ್ಯಾನ್‌ಗಳು ಪೂರ್ತಿ ವೇಗಕ್ಕೆ ಕಿರುಚಿ, ಆಡಿಯೊ ಮಾತ್ರ ಸ್ವಲ್ಪ ಹೊತ್ತು ಕೇಳಿಸಿದರೆ ಕಾರ್ಡು ಬಸ್ಸಿನಿಂದ (ಮದರ್‌ಬೋರ್ಡ್ ಜೊತೆ ಡೇಟಾ ಸಾಗೋ ದಾರಿ) ಕಳಚಿಕೊಂಡಿರೋ ಸಾಧ್ಯತೆ ಹೆಚ್ಚು. ಲಿನಕ್ಸ್‌ನಲ್ಲಿ ಎನ್ವಿಡಿಯಾ ಕಾರ್ಡಾದರೆ ಇದೇ ಎಕ್ಸ್‌ಐಡಿ 79 ಅಂತ ದಾಖಲಾಗುತ್ತೆ. ಪರದೆ ಒಂದು ಕ್ಷಣ ಹೋಗಿ ಡೆಸ್ಕ್‌ಟಾಪ್ ವಾಪಸ್ ಬಂದರೆ ಅದು ಡ್ರೈವರ್ ರಿಸೆಟ್, ಈವೆಂಟ್ 4101. ಈ ಮೂರನ್ನೂ ಸೇರಿಸಿ ‘ಕ್ರ್ಯಾಶ್ ಆಗ್ತಿದೆ’ ಅಂತ ಒಂದೇ ಹೆಸರು ಇಟ್ಟರೆ ಮೂರಕ್ಕೂ ಮದ್ದು ಸಿಗೋದಿಲ್ಲ.

ಪವರ್ ಸಪ್ಲೈ ಮೇಲೆ ಅನುಮಾನ ಇದ್ದರೆ ಸಮನಾದ ಹೊರೆ ಪ್ರಯೋಜನಕ್ಕೆ ಬಾರದು, ಏರಿಳಿಯೋ ಹೊರೆ ಬೇಕು. ಒಸಿಸಿಟಿಯ ತ್ರೀಡಿ ಅಡಾಪ್ಟಿವ್ ಟೆಸ್ಟ್‌ನ ಸ್ವಿಚ್ ಮೋಡ್ ಇರೋದೇ ಇದಕ್ಕೆ. ಹೊರೆ ಕಡಿಮೆ ಮಾಡಿ, ತಟ್ಟನೆ ಏರಿಸಿ, ಮತ್ತೆ ಇಳಿಸುತ್ತೆ. ಸರಾಸರಿ 300 ವ್ಯಾಟ್ ತೋರಿಸೋ ಕಾರ್ಡು ಮೈಕ್ರೊಸೆಕೆಂಡುಗಳ ಮಟ್ಟದಲ್ಲಿ ಅದಕ್ಕಿಂತ ಬಹಳ ಹೆಚ್ಚು ಎಳೆಯುತ್ತೆ. ಪವರ್ ಸಪ್ಲೈಗಳ ಎಟಿಎಕ್ಸ್ 3.0 ನಿಯಮದಲ್ಲಿ, ಸಪ್ಲೈ ತನ್ನ ಸಾಮರ್ಥ್ಯದ ಎರಡರಷ್ಟನ್ನ 100 ಮೈಕ್ರೊಸೆಕೆಂಡ್ ತಾಳಬೇಕು ಅಂತ ಸೇರಿಸಿದ್ದು ಇದರಿಂದಲೇ. ಈ ಟೆಸ್ಟಿನಲ್ಲಿ ಯಂತ್ರ ಬಿದ್ದರೆ, ಪವರ್ ಲಿಮಿಟನ್ನ 70 ಪ್ರತಿಶತಕ್ಕೆ ಇಳಿಸಿ ಅದೇ ಟೆಸ್ಟ್ ಮತ್ತೆ ಓಡಿಸಿ. ಬೀಳೋದು ನಿಂತರೆ ಬಿಸಿ ಇಲ್ಲಾ ಪವರ್ ಮೇಲೆ ಅನುಮಾನ ಹೆಚ್ಚು. ಲಾಗ್‌ನಲ್ಲಿ ಉಷ್ಣತೆ ಸರಿಯಿದ್ದು, 12 ವೋಲ್ಟ್ ಸಾಲು ಹೊರೆ ಬಿದ್ದಾಗ 11.4ರ ಹತ್ತಿರ ಜಾರಿದರೆ ಕೇಬಲ್ಲಿಂದ ಶುರು ಮಾಡಿ. ಎರಡು 8 ಪಿನ್ ಕನೆಕ್ಟರ್ ಇರೋ ಕಾರ್ಡಿಗೆ ಎರಡು ಬೇರೆ ಬೇರೆ ಕೇಬಲ್ ಹಾಕಿ, ಒಂದೇ ಕೇಬಲ್ಲಿನ ಎರಡು ಬಾಲಗಳನ್ನಲ್ಲ.

ಲೆಕ್ಕ ಹಾಕಿ ನೋಡಿ. 8 ಪಿನ್ ಕನೆಕ್ಟರಿಗೆ 150 ವ್ಯಾಟ್, ಅಂದರೆ 12.5 ಆಂಪಿಯರ್, 12 ವೋಲ್ಟಿನ ಮೂರು ತಂತಿಗೆ ಹಂಚಿದರೆ ತಲಾ ನಾಲ್ಕು ಚಿಲ್ಲರೆ. ಹೊಸ ಕಾರ್ಡುಗಳ 16 ಪಿನ್ ಕನೆಕ್ಟರಿನಲ್ಲಿ 600 ವ್ಯಾಟ್, 50 ಆಂಪಿಯರ್, 12 ವೋಲ್ಟಿನ ಆರು ಪಿನ್ನಿಗೆ ಹಂಚಿದರೆ ತಲಾ 8.3. ಅದರಲ್ಲಿ ಎರಡು ಪಿನ್ ಸರಿಯಾಗಿ ತಾಗದಿದ್ದರೆ ಉಳಿದ ನಾಲ್ಕರ ಮೇಲೆ ತಲಾ 12.5 ಆಂಪಿಯರ್ ಬೀಳುತ್ತೆ. ಪ್ಲಾಸ್ಟಿಕ್ ಕರಗೋದಕ್ಕೆ ಬೇರೆ ಕಾರಣ ಬೇಡ. ಕನೆಕ್ಟರ್ ಮತ್ತು ಸಾಕೆಟ್ ನಡುವೆ ಸಂದು ಕಾಣದ ಹಾಗೆ ಕೂರಿಸಿ, ಬುಡದಲ್ಲೇ ಕೇಬಲ್ ಬಗ್ಗಿಸಬೇಡಿ. ಈ 16 ಪಿನ್ನಿನದರ ಹೊಸ ರೂಪವಾದ 12ವಿ-2×6 ಕನೆಕ್ಟರಿನಲ್ಲಿ ಸೆನ್ಸ್ ಪಿನ್ನುಗಳನ್ನ (ಎಷ್ಟು ಪವರ್ ಎಳೆಯಬಹುದು ಅಂತ ಕಾರ್ಡಿಗೆ ತಿಳಿಸೋ ಪುಟ್ಟ ಪಿನ್ನುಗಳು) ಗಿಡ್ಡ ಮಾಡಿದ್ದಾರೆ, ಪೂರ್ತಿ ಕೂರದಿದ್ದರೆ ಕಾರ್ಡು ಪವರ್ ಎಳೆಯೋಕೆ ಹೋಗಬಾರದು ಅಂತ.

ಇಷ್ಟೆಲ್ಲ ಆದ ಮೇಲೂ ಕಾರ್ಡಿನ ತಪ್ಪೇ ಇಲ್ಲದಿರಬಹುದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ತೊಂದರೆ ಇದ್ದಾಗ ಅನ್‌ರಿಯಲ್ ಎಂಜಿನ್ ಬಳಸಿ ಕಟ್ಟಿದ ಗೇಮುಗಳು ‘ವಿಡಿಯೊ ಮೆಮೊರಿ ಸಾಲುತ್ತಿಲ್ಲ’ ಅಂತ ಸಂದೇಶ ಕೊಟ್ಟು ಮುಚ್ಚಿಕೊಳ್ತಾ ಇದ್ದವು. ಓದಿದವರು ಕಾರ್ಡನ್ನ ದೂರದೆ ಇನ್ನೇನು ಮಾಡ್ತಾರೆ? ನಿಜವಾಗಿ ಶೇಡರ್ (ಚಿತ್ರ ಬಿಡಿಸೋ ಪುಟ್ಟ ಪ್ರೋಗ್ರಾಂ) ಡೇಟಾವನ್ನ ಬಿಚ್ಚೋ ಲೆಕ್ಕದಲ್ಲಿ ಪ್ರೊಸೆಸರ್ ತಪ್ಪು ಉತ್ತರ ಕೊಡ್ತಾ ಇತ್ತು. 2024ರಲ್ಲಿ ಇಂಟೆಲ್ ವೋಲ್ಟೇಜ್ ಸಮಸ್ಯೆ ಅಂತ ಒಪ್ಪಿ ಮೈಕ್ರೊಕೋಡ್ (ಬಯೋಸ್ ಅಪ್‌ಡೇಟ್ ಜೊತೆ ಬರೋ ಪ್ರೊಸೆಸರ್ ತಿದ್ದುಪಡಿ) ಬಿಟ್ಟಿತು. ಹಾಗಾಗಿ ಕಾರ್ಡ್ ಬಿಚ್ಚೋ ಮುಂಚೆ ಬಯೋಸ್ ಅಪ್‌ಡೇಟ್ ಮಾಡಿ, ರ‍್ಯಾಮ್‌ನ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ (ಅದರ ವೇಗ ಏರಿಸೋ ಸೆಟ್ಟಿಂಗ್) ಆಫ್ ಮಾಡಿ ಒಂದು ದಿನ ನೋಡಿ. ಕಾರ್ಡಿಗೂ ಸ್ಲಾಟಿಗೂ ನಡುವೆ ರೈಸರ್ ಕೇಬಲ್ ಇದ್ದರೆ ತೆಗೆದು ಕಾರ್ಡನ್ನ ನೇರ ಸ್ಲಾಟಿಗೆ ಹಾಕಿ, ಆಗದಿದ್ದರೆ ಬಯೋಸ್‌ನಲ್ಲಿ ಸ್ಲಾಟಿನ ವೇಗವನ್ನ ಪಿಸಿಐಇ ಜೆನ್ 3ಕ್ಕೆ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಒಟ್ಟಿಗೆ ಮಾಡಿ ಸರಿಹೋದರೆ ಯಾವುದರಿಂದ ಸರಿಹೋಯ್ತು ಅಂತ ಯಾರಿಗೂ ಗೊತ್ತಾಗೋದಿಲ್ಲ.

ಡ್ರೈವರ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಇಂಟರ್ನೆಟ್ ಸಂಪರ್ಕ ಕಡಿದು, ಸೇಫ್ ಮೋಡ್‌ನಲ್ಲಿ ಡಿಡಿಯು (ಹಳೆ ಡ್ರೈವರನ್ನ ಪೂರ್ತಿ ಅಳಿಸೋ ಸಾಧನ) ಓಡಿಸಿ, ಮೊದಲೇ ಇಳಿಸಿಟ್ಟ ಡ್ರೈವರ್ ಹಾಕಿ. ಹೊಸದರಲ್ಲಿ ತೊಂದರೆ ಇದ್ದರೆ ಹಿಂದಿನ ಆವೃತ್ತಿ ಹಾಕಿ ನೋಡಿ. ಆದರೆ ಒಂದು ಸಲಹೆಯನ್ನ ಮಾತ್ರ ನಾನು ಬಲವಾಗಿ ವಿರೋಧಿಸ್ತೀನಿ: ರಿಜಿಸ್ಟ್ರಿಯಲ್ಲಿ ಟಿಡಿಆರ್ ಡಿಲೇ (ಕಾರ್ಡಿನ ಉತ್ತರಕ್ಕೆ ವಿಂಡೋಸ್ ಕಾಯೋ ಸಮಯ) ಹೆಚ್ಚಿಸೋದು. ಕಾರ್ಡು 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನ ರಿಸೆಟ್ ಮಾಡುತ್ತೆ. ಅದನ್ನ 10 ಸೆಕೆಂಡ್ ಮಾಡಿದರೆ, ದೀರ್ಘ ಲೆಕ್ಕ ಮಾಡೋ ರೆಂಡರಿಂಗ್ ಕೆಲಸಕ್ಕೆ ಸಹಾಯ ಆಗಬಹುದು. ಗೇಮಿನಲ್ಲಿ ಹ್ಯಾಂಗ್ ಆದ ಕಾರ್ಡಿಗೆ ಅದರಿಂದ ಏನೂ ಆಗೋದಿಲ್ಲ, ಹೆಪ್ಪುಗಟ್ಟಿದ ಪರದೆಯನ್ನ ಇನ್ನೂ 8 ಸೆಕೆಂಡ್ ನೋಡ್ತಾ ಕೂರಬೇಕು ಅಷ್ಟೇ. ಕಾರ್ಡನ್ನ ಓವನ್‌ನಲ್ಲಿಟ್ಟು ಬಿಸಿ ಮಾಡೋ ಸಲಹೆಯಂತೂ ಬೇಡವೇ ಬೇಡ. ಕೆಲವೊಮ್ಮೆ ಕೆಲವು ದಿನ ಎದ್ದು ಕೂರುತ್ತೆ, ಮತ್ತೆ ಸಾಯುತ್ತೆ, ಕೆಪ್ಯಾಸಿಟರ್‌ಗಳು ಹಾಳಾಗ್ತವೆ, ವಾರಂಟಿಯೂ ಹೋಗುತ್ತೆ.

ವಾರಂಟಿಗೆ ಕಳಿಸೋದಾದರೆ ‘ಗೇಮ್ ಆಡುವಾಗ ಕ್ರ್ಯಾಶ್’ ಅಂತ ಒಂದು ಸಾಲು ಬರೆದು ಕಳಿಸಬೇಡಿ. ಅವರ ಟೆಸ್ಟ್ ಬೆಂಚಿನಲ್ಲಿ ಹತ್ತು ನಿಮಿಷ ಸರಿಯಾಗಿ ಓಡಿದರೆ ‘ದೋಷ ಕಂಡುಬಂದಿಲ್ಲ’ ಅಂತ ವಾಪಸ್ ಬರುತ್ತೆ. ಯಾವ ಟೆಸ್ಟ್, ಯಾವ ಮೋಡ್, ಎಷ್ಟನೇ ನಿಮಿಷಕ್ಕೆ ಬಿತ್ತು, ಮೆಮೊರಿ ಟೆಸ್ಟಿನಲ್ಲಿ ತಪ್ಪು ಎಷ್ಟು, ಕಾರ್ಡ್ ಬಿಸಿಯಿತ್ತೋ ತಣ್ಣಗಿತ್ತೋ, ಇನ್ನೊಂದು ಯಂತ್ರದಲ್ಲಿ ಹಾಕಿದಾಗ ಏನಾಯ್ತು, ಇಷ್ಟನ್ನ ಬರೆದು ಎಚ್‌ಡಬ್ಲ್ಯೂಇನ್ಫೊ ಲಾಗ್ ಫೈಲನ್ನೂ ಸ್ಕ್ರೀನ್‌ಶಾಟನ್ನೂ ಜೊತೆಗೆ ಕಳಿಸಿ. ಬಿಸಿಯಾದ ಮೇಲೆ 20ನೇ ನಿಮಿಷಕ್ಕೆ ಬೀಳೋ ಕಾರ್ಡಾದರೆ ಆ ‘20 ನಿಮಿಷ’ ಅನ್ನೋದನ್ನ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಬರೀರಿ.