ಚಹಾ ಕುಡಿಯಲು ಎದ್ದುಹೋಗುತ್ತಿದ್ದ ಚಿತ್ರಗಳು

ಕೇಳುಗರಿಗೆ ನಮಸ್ಕಾರ.

ನಮ್ಮಪ್ಪ ಮುಂಬಯಿಯ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ರಜೆ ಸಿಕ್ಕ ದಿನ ನನ್ನನ್ನು ಅರೋರಾ ಟಾಕೀಸಿಗೆ ಕರೆದುಕೊಂಡು ಹೋಗುತ್ತಿದ್ದರು. ಟಿಕೆಟ್ ತೆಗೆದ ಮೇಲೂ ಒಳಗೆ ಹೋಗಲು ಅವಸರವಿಲ್ಲ. “ಇರು ಮಾರಾಯ, ಇನ್ನೂ ಡಾಕ್ಯುಮೆಂಟರಿ ಉಂಟು” ಎನ್ನುತ್ತಿದ್ದರು. ಹೊರಗೆ ನಿಂತು ಒಂದು ಕಟಿಂಗ್ ಚಹಾ. ಒಳಗೆ ಅಣೆಕಟ್ಟೋ ರಸಗೊಬ್ಬರವೋ ಮುಗಿದು ನಿಜವಾದ ಸಿನಿಮಾ ಶುರುವಾಗುವ ಹೊತ್ತಿಗೆ ನಾವಿಬ್ಬರೂ ಕತ್ತಲಲ್ಲಿ ಜನರ ಕಾಲು ತುಳಿಯುತ್ತಾ ಸೀಟು ಹುಡುಕುತ್ತಿದ್ದೆವು.

ಆ ಡಾಕ್ಯುಮೆಂಟರಿಗಳು ತಯಾರಾಗುತ್ತಿದ್ದದ್ದು ಇದೇ ಊರಿನಲ್ಲಿ, ಪೆಡ್ಡರ್ ರೋಡಿನ ಫಿಲ್ಮ್ಸ್ ಡಿವಿಷನ್ನಿನಲ್ಲಿ. 1948ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಸಿನಿಮಾಕ್ಕೆ ಮುಂಚೆ ಅದರ ಚಿತ್ರ ತೋರಿಸಲೇಬೇಕು ಎಂಬ ನಿಯಮವಿತ್ತು. ಅದಕ್ಕೆ ಥಿಯೇಟರಿನವರೇ ದುಡ್ಡು ಕಟ್ಟಬೇಕಿತ್ತು. ಒತ್ತಾಯ ಮಾಡಿ ಬಡಿಸಿದರೆ ಹೋಳಿಗೆಯೂ ಗಂಟಲಲ್ಲಿ ಇಳಿಯುವುದಿಲ್ಲ, ಅಲ್ವಾ?

ಈಗ ನೋಡಿ. ನಾನು ನಿವೃತ್ತನಾಗಿ ಡೊಂಬಿವಲಿಯ ಮನೆಯಲ್ಲಿ ಕೂತು, ತಿಂಗಳು ತಿಂಗಳು ದುಡ್ಡು ಕಟ್ಟಿ ಡಾಕ್ಯುಮೆಂಟರಿ ನೋಡುತ್ತಿದ್ದೇನೆ. ಒಂದು ಒಟಿಟಿಯವರು, ಹೆಸರು ಬೇಡ, ನಾನು ಬೇಡ ಎಂದ ಮೇಲೂ ಎರಡು ತಿಂಗಳು ಖಾತೆಯಿಂದ ದುಡ್ಡು ಎಳೆದುಕೊಂಡರು. ಅಪ್ಪ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಏನು ನೋಡಬೇಕು ಎಂದು ಗೆಳೆಯರು ಕೇಳುತ್ತಾರೆ. ಟಿವಿ ಹಾಕಿದ ಕೂಡಲೇ ಮುಂದೆ ಬರುವುದು ಕೊಲೆ, ಬ್ಯಾಂಕ್ ಮೋಸ, ಕಳ್ಳ ಬಾಬಾಗಳು. ನಾನೂ ಅವನ್ನು ರಾತ್ರಿ ಎರಡು ಗಂಟೆಯವರೆಗೆ ನೋಡಿದವನೇ. ಆದರೆ ಒಂದು ಗಂಟೆಯ ವಿಷಯವನ್ನು ನಾಲ್ಕು ಕಂತಿಗೆ ಎಳೆಯುತ್ತಾರೆ. ಹಿಂದೆ ಧಡಧಡ ಸಂಗೀತ, ಮೇಲಿನಿಂದ ಡ್ರೋನು. ಬೆಳಿಗ್ಗೆ ಎದ್ದರೆ ಒಂದು ಮುಖವೂ ನೆನಪಿರುವುದಿಲ್ಲ. ಹಾಗಾಗಿ ನಾನೊಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಚಿತ್ರ ಮಾಡಿದವರು ಆ ಜನರ ಜೊತೆ ಎಷ್ಟು ಕಾಲ ಕೂತಿದ್ದರು? ಅದು ಪರದೆಯ ಮೇಲೆ ಗೊತ್ತಾಗಿಯೇ ಆಗುತ್ತದೆ.

ಹೊಸಬರಿಗೆ ನಾನು ಮೊದಲು ಹೇಳುವುದು ನೆಟ್‌ಫ್ಲಿಕ್ಸಿನ ‘ದಿ ಎಲಿಫೆಂಟ್ ವಿಸ್ಪರರ್ಸ್’. ಸುಮಾರು 40 ನಿಮಿಷ. ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ಕೂರಲು ಜಾಗ ಸಿಕ್ಕರೆ ದಾದರ್ ಬರುವಷ್ಟರಲ್ಲಿ ಮುಗಿಯುತ್ತದೆ. ಜಾಗ ಸಿಗುವುದು ಬೇರೆ ಮಾತು. ಕಾರ್ತಿಕಿ ಗೊನ್ಸಾಲ್ವಿಸ್ ಮಾಡಿದ ಚಿತ್ರ. 2023ರಲ್ಲಿ ಆಸ್ಕರ್ ಬಂತು. ನಡೆಯುವುದು ಮುದುಮಲೈಯ ತೆಪ್ಪಕಾಡು ಆನೆ ಶಿಬಿರದಲ್ಲಿ, ಅಂದರೆ ನಮ್ಮ ಬಂಡೀಪುರದ ಬೇಲಿಯಾಚೆ. ಬೊಮ್ಮನ್, ಬೆಳ್ಳಿ ಎಂಬ ದಂಪತಿ. ಹೆಸರು ಕೇಳಿದರೆ ನಮ್ಮ ಕಡೆಯವರೇ ಅನ್ನಿಸುತ್ತದೆ. ಅವರು ಸಾಕಿದ್ದು ತಾಯಿ ಸತ್ತ ರಘು ಎಂಬ ಮರಿಯಾನೆಯನ್ನು. ಆಸ್ಕರ್ ಬಂದದ್ದಕ್ಕೇ ನೋಡಬೇಕೆಂದಿಲ್ಲ. ಬೆಳ್ಳಿ ತೀರಿಹೋದ ತನ್ನ ಮಗಳ ವಿಷಯ ಹೇಳುತ್ತಾ ಆನೆ ಕಣ್ಣೀರು ಒರೆಸಿದ್ದನ್ನು ನೆನೆಯುತ್ತಾಳೆ. ಆ ಮಾತು ಒಂದೇ ದಿನಕ್ಕೆ ಬಂದು ಮೈಕು ಹಿಡಿದವರಿಗೆ ಸಿಗುವಂಥದ್ದಲ್ಲ.

ಆಮೇಲೆ ‘ಆಲ್ ದಟ್ ಬ್ರೀದ್ಸ್’. ಶೌನಕ್ ಸೇನ್ ಅವರದ್ದು, 2022ರದ್ದು. ದೆಹಲಿಯ ವಜೀರಾಬಾದಿನಲ್ಲಿ ಅಣ್ಣತಮ್ಮಂದಿರು ಮನೆಯ ನೆಲಮಾಳಿಗೆಯಲ್ಲಿ ಗಾಯಗೊಂಡ ಹದ್ದುಗಳಿಗೆ ಶುಶ್ರೂಷೆ ಮಾಡುತ್ತಾರೆ. ಗಾಳಿಪಟದ ಮಾಂಜಾಕ್ಕೆ ರೆಕ್ಕೆ ಕೊಯ್ದುಕೊಂಡು ಬೀಳುವ ಹದ್ದುಗಳು. ಮೊದಲ ಸಲ ಅವರು ಹಕ್ಕಿಯನ್ನು ಆಸ್ಪತ್ರೆಗೆ ಒಯ್ದಾಗ, ಇದು ಮಾಂಸ ತಿನ್ನುವ ಹಕ್ಕಿ, ಸೇರಿಸಿಕೊಳ್ಳುವುದಿಲ್ಲ ಎಂದರಂತೆ! ಹದ್ದು ಏನು ಪಲ್ಯ ತಿನ್ನಬೇಕಿತ್ತೋ. ಚಿತ್ರ ನಿಧಾನ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಹೆಂಡತಿ ಹತ್ತು ನಿಮಿಷಕ್ಕೆ ಎದ್ದು ಅಡುಗೆಮನೆಗೆ ಹೋದಳು. ಹದ್ದೊಂದು ಹುಡುಗನ ಕನ್ನಡಕ ಕಿತ್ತುಕೊಂಡು ಹೋದಾಗ ನಾನು ನಕ್ಕ ಸದ್ದಿಗೆ ವಾಪಸು ಬಂದಳು. ಮತ್ತೆ ಏಳಲಿಲ್ಲ. ಈಗ ಸಂಕ್ರಾಂತಿ ಹತ್ತಿರ ಬಂದರೆ ನಮ್ಮ ಬಿಲ್ಡಿಂಗಿನ ಟೆರೇಸಿನ ಮಕ್ಕಳಿಗೆ ಅವಳದ್ದೇ ಬೈಗುಳ.

ಇಷ್ಟು ಹೇಳಿ ನಾನು ಬೇಗ ಬರಬೇಕೆಂದಿದ್ದ ಜಾಗ ಘಾಟ್ಕೋಪರ್.

ಮೂವತ್ತು ವರ್ಷ ನಾನು ಡೊಂಬಿವಲಿಯಿಂದ ಫೋರ್ಟಿಗೆ ಲೋಕಲಿನಲ್ಲಿ ಓಡಾಡಿದವನು. ದಿನಕ್ಕೆ ಎರಡು ಸಲ ಘಾಟ್ಕೋಪರ್ ದಾಟುತ್ತಿದ್ದೆ. 1997ರ ಜುಲೈ 11ರಂದು ಅಲ್ಲಿನ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಯಾರೋ ಚಪ್ಪಲಿ ಹಾರ ಹಾಕಿದ್ದರು. ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಹತ್ತು ಜನ ಸತ್ತರು. ಆಫೀಸಿನಲ್ಲಿ ನಾವು ಕೇಳಿದ್ದು “ಘಾಟ್ಕೋಪರ್ ಕಡೆ ಗಲಾಟೆಯಂತೆ” ಎಂದಷ್ಟೇ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಸಂಜೆ ಲೋಕಲ್ ಇದೆಯಾ, ಇಲ್ವಾ?

ಆನಂದ್ ಪಟವರ್ಧನ್ ಇದೇ ಊರಿನವರು. ಅವರು 1985ರಲ್ಲಿ ಮುಂಬಯಿಯ ಜೋಪಡಿಗಳ ಬಗ್ಗೆ ‘ಹಮಾರಾ ಶಹರ್’ ಎಂಬ ಚಿತ್ರ ಮಾಡಿದ್ದರು. ಅದರಲ್ಲಿ ವಿಲಾಸ್ ಘೋಗರೆ ಎಂಬ ಕವಿ, ಗಾಯಕ ಹಾಡಿದ್ದರು. ಗುಂಡೇಟಿನ ಸುದ್ದಿ ಕೇಳಿ ನೊಂದ ಘೋಗರೆ ತಮ್ಮ ಜೀವ ತೆಗೆದುಕೊಂಡರು. ಪಟವರ್ಧನ್ ಮತ್ತೆ ಕ್ಯಾಮರಾ ಹಿಡಿದು ಹೊರಟರು. ಕೋರ್ಟು, ಮೆರವಣಿಗೆ, ಚಾಳು, ಹಾಡು, ಮತ್ತೆ ಕೋರ್ಟು. ‘ಜೈ ಭೀಮ್ ಕಾಮ್ರೇಡ್’ ಮುಗಿಯಲು 14 ವರ್ಷ ಹಿಡಿಯಿತು. ಅಷ್ಟು ವರ್ಷವೂ ನಾನು ಅದೇ ಸ್ಟೇಷನ್ ದಾಟುತ್ತಿದ್ದೆ, ಪೇಪರಿನಲ್ಲಿ ಮುಖ ಹುದುಗಿಸಿಕೊಂಡು.

ಚಿತ್ರ ಮೂರು ಗಂಟೆಯ ಆಸುಪಾಸು. ಒಂದೇ ಸಲಕ್ಕೆ ಆಗದಿದ್ದರೆ ಎರಡು ರಾತ್ರಿ ಮಾಡಿಕೊಳ್ಳಿ. ಮರಾಠಿ, ಹಿಂದಿ ನಮಗೆ ಬರುವುದರಿಂದ ಸಬ್‌ಟೈಟಲ್ ಓದುವ ಕಷ್ಟವಿಲ್ಲ. ಇಲ್ಲಿ ಹುಟ್ಟಿದ ಕನ್ನಡಿಗರಿಗೆ ಇದೊಂದು ಲಾಭ. ಪಟವರ್ಧನರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಕೆಲವು ಕಡೆ ಅವರ ಪ್ರಶ್ನೆಯಲ್ಲೇ ಉತ್ತರ ಇರುತ್ತದೆ. ಆದರೆ ಚಿತ್ರದ ತುಂಬ ಇರುವ ಆ ಶಾಹೀರರ, ಅಂದರೆ ಮರಾಠಿ ಹಾಡುಗಾರ ಕವಿಗಳ ಹಾಡು, ಡಫಲಿಯ ಸದ್ದು! ನಾನು ದಾಟಿ ಬಂದ ಸ್ಟೇಷನ್ನಿನ ಆಚೆ ಇಷ್ಟು ದೊಡ್ಡ ಗಂಟಲುಗಳಿದ್ದವು. ನನಗೆ ಕೇಳಿಸಿದ್ದು ಮಾತ್ರ “ಪುಢೀಲ ಸ್ಟೇಷನ್”, ಮುಂದಿನ ಸ್ಟೇಷನ್ ಯಾವುದು ಎಂಬ ಘೋಷಣೆ.

ಪುಣೆಯ ಕೇಳುಗರಿಗೂ ಒಂದು ಹೇಳಬೇಕು. ‘ಸೆಲ್ಯುಲಾಯ್ಡ್ ಮ್ಯಾನ್’, 2012ರದ್ದು, ಶಿವೇಂದ್ರ ಸಿಂಗ್ ಡುಂಗರ್‌ಪುರ್ ಮಾಡಿದ್ದು. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಕಟ್ಟಿದ ಪಿ.ಕೆ. ನಾಯರ್ ಅವರ ಕಥೆ. ಆರ್ಕೈವ್ ಶುರುವಾದದ್ದು 1964ರಲ್ಲಿ. ಎಲ್ಲಿ ಹಳೆಯ ರೀಲು ಇದೆ ಎಂದು ಕೇಳಿದರೂ ಅಲ್ಲಿಗೆ ಹೋಗುವ ಮನುಷ್ಯ. ನಮ್ಮ ಸಿನಿಮಾದ ಪಿತಾಮಹ ದಾದಾಸಾಹೇಬ್ ಫಾಲ್ಕೆಯವರ ಚಿತ್ರಗಳ ತುಣುಕು ಇವತ್ತು ನೋಡಲು ಸಿಗುತ್ತಿದ್ದರೆ ಅದು ಇವರ ಹಟದಿಂದ. ಆಗೊಮ್ಮೆ ಈಗೊಮ್ಮೆ ಹೊಗಳಿಕೆ ಜಾಸ್ತಿಯಾಯಿತು ಅನ್ನಿಸುತ್ತದೆ, ಇರಲಿ. ಇದ್ದಕ್ಕಿದ್ದಂತೆ ಚಿತ್ರ ನಮ್ಮ ಹೆಗ್ಗೋಡಿಗೆ ಹೋಗುತ್ತದೆ! ಕೆ.ವಿ. ಸುಬ್ಬಣ್ಣನವರ ನೀನಾಸಂಗೆ ಪುಣೆಯಿಂದ ರೀಲುಗಳು ಬರುತ್ತಿದ್ದವು. ಅಡಿಕೆ ಬೆಳೆಯುವ ಊರಿನ ಜನ ಜಪಾನಿನ, ಬಂಗಾಲದ ಸಿನಿಮಾ ಬಗ್ಗೆ ಮಾತಾಡುತ್ತಾರೆ, ಪಕ್ಕದ ಮನೆಯ ಸುದ್ದಿ ಹೇಳಿದ ಹಾಗೆ. ಆ ಐದು ನಿಮಿಷಕ್ಕಾದರೂ ನೋಡಿ.

ನೋಡುವಾಗ ಇನ್ನೊಂದು ಸಂಕಟ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರದ್ದು. ತೆಗೆದದ್ದು ಇಲ್ಲೇ ನಮ್ಮ ಕೊಲ್ಹಾಪುರದಲ್ಲಿ. ಅದರ ಒಂದು ಪ್ರಿಂಟೂ ಉಳಿದಿಲ್ಲ.

ಅಪ್ಪನಿಗೆ ಬೇಡವಾಗಿದ್ದ ಫಿಲ್ಮ್ಸ್ ಡಿವಿಷನ್ನಿನ ಹಳೆಯ ಚಿತ್ರಗಳು ಈಗ ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ, ಬಿಟ್ಟಿ. ಅದರಲ್ಲಿ ‘ಐ ಆ್ಯಮ್ ಟ್ವೆಂಟಿ’ ಹುಡುಕಿ. 1947ರ ಆಗಸ್ಟ್ 15ರಂದು ಹುಟ್ಟಿದವರನ್ನು 20 ವರ್ಷವಾದಾಗ ಹುಡುಕಿ ಮಾತಾಡಿಸಿದ್ದಾರೆ ಎಸ್.ಎನ್.ಎಸ್. ಶಾಸ್ತ್ರಿ. ಸರ್ಕಾರದ ದುಡ್ಡಿನಲ್ಲಿ ಮಾಡಿದ್ದು. ಆದರೂ ಹುಡುಗರು ದೇಶದ ಬಗ್ಗೆ ಅನ್ನಿಸಿದ್ದನ್ನೆಲ್ಲ ಹೇಳುತ್ತಾರೆ. ಇಂಥದ್ದು ನಡೆಯುತ್ತಿದ್ದಾಗ ನಾವು ಹೊರಗೆ ಚಹಾ ಕುಡಿಯುತ್ತಿದ್ದೆವೋ ಏನೋ.

ಮನೆಯಲ್ಲಿ ವಯಸ್ಸಾದವರಿದ್ದರೆ ‘ವೈಲ್ಡ್ ಕರ್ನಾಟಕ’ ಹಾಕಿ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಾಲ್ಕು ವರ್ಷ ಕಾಡು ಸುತ್ತಿ ತೆಗೆದದ್ದು. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿಯವರದ್ದು. ಕನ್ನಡದ್ದೇ ಹಾಕಿ. ನಮ್ಮಮ್ಮನಿಗೆ 84. ಕಾರ್ಕಳ ಬಿಟ್ಟು ಈ ಊರಿಗೆ ಬಂದು 60 ವರ್ಷವಾಯಿತು. ಈಗ ಮೊಣಕಾಲು ನೋವು, ಊರಿಗೆ ಹೋಗಲು ಆಗುವುದಿಲ್ಲ. ಹಾರುವ ಓತಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿತು. ಅಟೆನ್‌ಬರೋ ಆಗಲಿ ಮತ್ತೊಬ್ಬರಾಗಲಿ ಅಮ್ಮನಿಗೆ ಲೆಕ್ಕಕ್ಕಿಲ್ಲ. “ಅಯ್ಯೋ, ಇದು ನಮ್ಮ ಅಡಿಕೆ ತೋಟದಲ್ಲಿ ಎಷ್ಟು ಬೇಕಾದ್ರೂ ಇತ್ತಲ್ಲ, ಇದಕ್ಕೆ ನಾಲ್ಕು ವರ್ಷ ಯಾಕೆ ಬೇಕಿತ್ತು ಇವರಿಗೆ” ಎಂದರು.

ಚಿತ್ರ ಮುಗಿಯಿತು. ನಾನು ಟಿವಿ ಬಂದ್ ಮಾಡಲು ಹೋದೆ. “ಇರು ಮಾರಾಯ,” ಎಂದರು ಅಮ್ಮ, “ಆ ಓತಿಯದ್ದು ಇನ್ನೊಮ್ಮೆ ಹಾಕು.”

ನಮಸ್ಕಾರ.